ಭಂಡಾರ ಹಚ್ಚಿದ ನೋಟು

ಬೀದರಿನ ಆ ಬ್ಯಾಂಕಿನಲ್ಲಿ ಡಾಲರಿಗೆಂದು ಬೇರೆ ಕೌಂಟರ್ ಇರಲಿಲ್ಲ. ಬಂಗಾರದ ಸಾಲದ ಬೋರ್ಡಿನ ಕೆಳಗೆ ಕೂರುವ ಗುಮಾಸ್ತರೇ ಅದನ್ನೂ ನೋಡಿಕೊಳ್ಳುತ್ತಿದ್ದರು. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ವಿಮಾನದ ಟಿಕೆಟ್ ಎಲ್ಲದರ ಝೆರಾಕ್ಸ್ ಕೊಟ್ಟು ಬಂದ ಮೂರನೆಯ ದಿನ, ಹೈದರಾಬಾದಿನಿಂದ ನೋಟು ಬಂದಿವೆಯೆಂದು ಫೋನ್ ಬಂತು. ಹೋದೆ. ಅವರು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

“ಮಡಚಬ್ಯಾಡ್ರಿ ಮೇಡಂ. ಮ್ಯಾಲ ಏನೂ ಬರೀಬ್ಯಾಡ್ರಿ. ಶಾಯಿ, ಕಲಿ ಬಿತ್ತಂದ್ರ ಅಲ್ಲಿ ತಗೊಳಂಗಿಲ್ಲ.”

ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನ್ನ ಗಮನ ಅವರ ಮೇಜಿನ ಮೇಲಿದ್ದ ಒದ್ದೆ ಸ್ಪಂಜಿನ ಡಬ್ಬಿಯ ಮೇಲಿತ್ತು. ದಿನವೂ ಅದರಲ್ಲಿ ಬೆರಳು ಅದ್ದಿ ನೋಟು ಎಣಿಸುವವರು ಈ ನೋಟುಗಳನ್ನು ಮಾತ್ರ ಒಣ ಬೆರಳಿನಲ್ಲಿ ಎತ್ತಿದ್ದರು.

ಯಜಮಾನರ ಕಚೇರಿ ಇರುವುದು ಭಾಲ್ಕಿಯಲ್ಲಿ. ನಾವೂ ಸೇರಿ ಆ ಕಚೇರಿಯ ನಾಲ್ಕು ಮನೆಯವರು ಬ್ಯಾಂಕಾಕಿಗೆ ಐದು ದಿನದ ಪ್ರವಾಸ ಗೊತ್ತು ಮಾಡಿದ್ದರು. ಔರಾದ್ ಕಡೆಯ ಹಳ್ಳಿಯಲ್ಲಿ ಮೈದುನನ ಜೊತೆ ಇರುವ ಅತ್ತೆ ತಾವೂ ಬರುತ್ತೇನೆ ಅಂದರು. ಹಾಕಿದ ಷರತ್ತು ಒಂದೇ.

“ಟಿಕೀಟ ಮಗ ತಗಸ್ಲಿ. ಅಲ್ಲಿ ಹೋದ ಮ್ಯಾಲ ನನ್ನ ಖರ್ಚು ನಂದು.”

ಮಾವ ತೀರಿಕೊಂಡ ವರ್ಷದಿಂದ ಅತ್ತೆಯೇ ಕುರಿಗಳನ್ನು ಸಂತೆಗೆ ಒಯ್ಯುತ್ತಾರೆ. ಮೊದಲ ಸಲ ಗಂಡಸರ ನಡುವೆ ನಿಂತು ದರ ಹೇಳಿದಾಗ ಜನ ನಕ್ಕಿದ್ದರಂತೆ. ಅಂದಿನಿಂದ ಅವರು ಯಾರ ಮುಂದೆಯೂ ಕೈಯೊಡ್ಡಿದ್ದನ್ನು ನಾನು ಕಂಡಿಲ್ಲ. ಮಗನ ಮುಂದೆಯೂ ಇಲ್ಲ. ಈ ಸಲ ಒಂದು ಟಗರು ಮಾರಿ, ರೊಕ್ಕವನ್ನು ಕರ್ಚೀಪಿನಲ್ಲಿ ಗಂಟು ಕಟ್ಟಿ ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಗೆ ತಂದಿದ್ದರು. ಅದಕ್ಕೆ ಬಂದದ್ದು ನೂರು ಡಾಲರಿನ ಒಂದೇ ನೋಟು.

ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ನಾಕು ಕಾಲಿನ ಟಗರು ಹೋಗಿ ಒಂದು ಕಾಗದ ಆಯ್ತೇನ?”

“ಹೌದ್ರಿ ಅತ್ತಿ.”

“ತೂಕಾನೇ ಇಲ್ಲಲ್ಲವ್ವಾ.”

ನಗುತ್ತಾ ರೊಟ್ಟಿ ಬಡಿಯಲು ಒಳಗೆ ಹೋದೆ. ಗುಮಾಸ್ತರ ಮಾತನ್ನು ಯಜಮಾನರಿಗೆ ಹೇಳಿದ್ದೆ, ಅತ್ತೆಗೆ ಹೇಳಿರಲಿಲ್ಲ. ಅತ್ತೆಯ ಪದ್ಧತಿಯಲ್ಲಿ ಹೊಸದಾಗಿ ಬಂದ ರೊಕ್ಕ ಮೊದಲು ದೇವರ ಜಗುಲಿಗೆ ಹೋಗಬೇಕು. ಅದರ ಮೇಲೆ ಮೈಲಾರನ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ, ಒಂದು ಚಿಟಿಕೆ ಬೀಳಬೇಕು. ಆಮೇಲೆಯೇ ಖರ್ಚು. ಮದುವೆಯಾದಾಗಿನಿಂದ ಅದನ್ನು ನೋಡುತ್ತಲೇ ಬಂದವಳು ನಾನು. ನೆನಪಾಗಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಬ್ಯಾಂಕಾಕ್ ತಲುಪಿದ ಮರುದಿನ ಮಧ್ಯಾಹ್ನ ಹೋಟೆಲಿನ ಎದುರಿನ ಹಣ ಬದಲಿಸುವ ಅಂಗಡಿಗೆ ಹೋದೆವು. ಅತ್ತೆ ಸೊಂಟದ ಚೀಲದಿಂದ ಲಕೋಟೆ ತೆಗೆದು, ನೋಟನ್ನು ಗಾಜಿನ ಕಿಂಡಿಯೊಳಗೆ ಸರಿಸಿದರು. ಆಗ ನಾನು ನೋಡಿದೆ. ನೋಟಿನ ಮೇಲಿನ ಮುಖದ ಹಣೆಗೆ ಸರಿಯಾಗಿ, ಹೆಬ್ಬೆರಳಗಲ ಅರಿಸಿನ.

ಒಳಗಿದ್ದ ಹುಡುಗಿ ನೋಟನ್ನು ತಿರುಗಿಸಿ ನೋಡಿ ವಾಪಸು ಸರಿಸಿದಳು. ಕಲೆ ಇದೆ, ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಥ್ಯಾಂಕ್ಯೂ ಅಂದೆ. ಎರಡನೆಯ ಅಂಗಡಿಯಲ್ಲೂ ಅದೇ ಮಾತು, ನನ್ನಿಂದಲೂ ಅದೇ ಥ್ಯಾಂಕ್ಯೂ. ಮೂರನೆಯ ಕಡೆ ಸಾರಿ ಕೂಡ ಸೇರಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಹಾಗೆಯೇ: ಇಲ್ಲ ಅಂದವರನ್ನು ಇನ್ನೊಮ್ಮೆ ಕೇಳಿ ಪೀಡಿಸಬಾರದು.

ಬಿಸಿಲು ಬೀದರಿನದಕ್ಕಿಂತ ಜಿಗಟು. ಯಜಮಾನರು ಎಲ್ಲರಿಗೂ ಎಳನೀರು ಕೊಡಿಸಿದರು. ಅತ್ತೆ ಮುಟ್ಟಲಿಲ್ಲ.

“ನೀರಡಿಕಿ ಇಲ್ಲ,” ಅಂದರು. ತುಟಿ ಒಣಗಿದ್ದು ಕಾಣುತ್ತಿತ್ತು.

“ಅವ್ವಾ, ನನ್ನ ಕಡಿ ಇಲ್ಲೀ ರೊಕ್ಕ ಅದ, ತಗೋ. ಊರಿಗಿ ಹೋಗಿ ಕೊಡುವೆಂತಿ.”

“ಉದ್ರಿ ಮ್ಯಾಲ ತಿರಗಾಡ್ಲಿಕ್ಕ ಇಲ್ಲೀತನಾ ಬಂದೇನೇನೋ?”

ಅವರು ಹೀಗೆ ಐದು ದಿನ ಕಳೆಯಬಲ್ಲರೆಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ.

“ತಪ್ಪು ನಂದ್ರಿ ಅತ್ತಿ. ಕಲಿ ಆಗಬಾರ್ದಂತ ಬ್ಯಾಂಕಿನವ್ರು ಹೇಳಿದ್ರು. ನಿಮಗ ಹೇಳೋದು ಮರ್ತೆ.”

ಅತ್ತೆ ನೋಟಿನ ಮೇಲಿನ ಅರಿಸಿನವನ್ನು ಬೆರಳಿನಿಂದ ಸವರಿದರು.

“ಅವ್ರು ಏನಂದ್ರು? ಖೋಟಾ ಅಂದ್ರೇನು?”

“ಇಲ್ರಿ. ಖರೇ ನೋಟೇ. ಕಲಿ ಅದ ಅಂತ ಅಷ್ಟ.”

“ಮತ್ತ ನೀ ದರ ಕೇಳಿದಿ?”

“ಬ್ಯಾಡ ಅಂದ್ರಲ್ರಿ.”

“ಬ್ಯಾಡ ಅನ್ನೋದು ಯಾಪಾರದಾಗ ಮೊದಲನೇ ಮಾತು. ಕಿವಿ ಹರದ ಟಗರೂ ಮಾರ್ತದ, ದರ ಕಮ್ಮಿ ಬರ್ತದ. ನಿಮ್ಮ ಸಾಲ್ಯಾಗ ಇಷ್ಟು ಇಂಗ್ಲೀಷ್ ಕಲಿಸಿ, ಕೇಳೋದು ಕಲಿಸಿಲ್ಲ ನೋಡು.”

ಯಜಮಾನರು ಸ್ಟ್ರಾ ಕಚ್ಚಿಕೊಂಡು ನಕ್ಕರು. ನಾನು ಎದ್ದೆ.

ನಾಲ್ಕನೆಯ ಅಂಗಡಿ ಒಂದು ಗಲ್ಲಿಯಲ್ಲಿತ್ತು. ಒಳಗೆ ಅತ್ತೆಯ ವಯಸ್ಸಿನ ಹೆಂಗಸು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ನೋಟನ್ನು ದೀಪಕ್ಕೆ ಹಿಡಿದಳು, ಉಗುರಿನಿಂದ ಕೆರೆದಳು, ಮೂಸಿಯೂ ನೋಡಿ ಬೇಡವೆಂದು ತಲೆಯಾಡಿಸಿದಳು. ಥ್ಯಾಂಕ್ಯೂ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಎಷ್ಟು ಕಡಿಮೆ ಮಾಡಿಕೊಂಡರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

ಆಕೆ ನನ್ನನ್ನು ನೋಡಿದಳು, ನನ್ನ ಹಿಂದೆ ನಿಂತ ಅತ್ತೆಯನ್ನು ನೋಡಿದಳು. ಕ್ಯಾಲ್ಕ್ಯುಲೇಟರ್ ಒತ್ತಿ ಗಾಜಿನಾಚೆಯಿಂದ ತೋರಿಸಿದಳು: ಎರಡು ಸಾವಿರದ ಎಂಟುನೂರು ಬಾತ್. ಫಲಕದ ಮೇಲಿನ ದರದಲ್ಲಿ ಮೂರು ಸಾವಿರದ ಇನ್ನೂರಕ್ಕೂ ಮೇಲೆ ಬರಬೇಕಿತ್ತು.

ಬಸ್ಸಿನ ನಂಬರು, ಮೊಬೈಲಿನ ನಂಬರು ಓದಿ ಅತ್ತೆಗೆ ಅಂಕಿ ಚೆನ್ನಾಗಿ ಗೊತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಕಿಂಡಿಯೊಳಗೆ ಕೈ ಚಾಚಿದರು. ಆಕೆ ಕ್ಯಾಲ್ಕ್ಯುಲೇಟರ್ ಕೊಟ್ಟಳು. ಅತ್ತೆ ಒಂದೊಂದೇ ಗುಂಡಿ ಒತ್ತಿದರು: ಮೂರು ಸಾವಿರದ ಇನ್ನೂರು. ಆಕೆ ನಕ್ಕು ಎರಡು ಸಾವಿರದ ಒಂಬೈನೂರಕ್ಕೆ ಬಂದಳು. ಅತ್ತೆ ನೋಟನ್ನು ಎತ್ತಿಕೊಂಡು ಲಕೋಟೆಗೆ ಹಾಕಿದರು.

“ಬಾರವ್ವಾ, ಹೋಗಮು.”

ನಿಜವಾಗಿಯೂ ಹೊರಟುಬಿಟ್ಟರು. ನಾನೂ ಹಿಂದೆ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದೆ ಪೆನ್ನಿನಿಂದ ಗಾಜು ಬಡಿದ ಸದ್ದು. ತಿರುಗಿದರೆ ಕ್ಯಾಲ್ಕ್ಯುಲೇಟರಿನ ಮೇಲೆ ಮೂರು ಸಾವಿರ.

“ಕೊಡಂತ ಹೇಳು,” ಅಂದರು ಅತ್ತೆ.

ನೋಟುಗಳನ್ನು ಕೊಡುವಾಗ ಆ ಹೆಂಗಸು ತನ್ನ ಬೆರಳ ತುದಿಗೆ ಹತ್ತಿದ ಅರಿಸಿನವನ್ನು ನನಗೆ ತೋರಿಸಿ ಏನೆಂದು ಕೇಳಿದಳು. ದೇವರದು ಅಂದೆ. ಒರೆಸಿಕೊಳ್ಳಲು ಎತ್ತಿಕೊಂಡಿದ್ದ ಕಾಗದವನ್ನು ಆಕೆ ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಎಲ್ಲರೂ ಬಜಾರಿಗೆ ಹೋದೆವು. ಅಂಗಡಿಗಳು ಆಗಷ್ಟೇ ತೆರೆಯುತ್ತಿದ್ದವು. ಬಿದಿರಿನ ಎಳೆಗಳಿಂದ ಹೆಣೆದ ಅಗಲ ಟೋಪಿಗಳ ಮುಂದೆ ಅತ್ತೆ ನಿಂತರು. ಒಂದನ್ನು ಸೆರಗಿನ ಮೇಲೆಯೇ ಇಟ್ಟುಕೊಂಡು ಕೊರಳು ಅತ್ತಿತ್ತ ಆಡಿಸಿ ನೋಡಿದರು.

“ಕುರಿ ಹಿಂದ ಹೋಗಲಿಕ್ಕ ಭಾಳ ಛಲೋ ಅದ. ಸಣ್ಣ ಮಗಗ ಒಂದು, ನನಗೊಂದು.”

ಚೌಕಾಸಿ ಮಾಡಿ, ತಮ್ಮ ಕೈಯಿಂದಲೇ ರೊಕ್ಕ ಕೊಟ್ಟರು. ಮಾರುವ ಹೆಂಗಸು ಆ ನೋಟುಗಳನ್ನು ಹಿಡಿದು ಟೋಪಿಗಳ ಮೇಲೆ, ಬುಟ್ಟಿಗಳ ಮೇಲೆ, ಚಾಪೆಗಳ ಮೇಲೆ ತಟ್ಟುತ್ತಾ ಹೋದಳು. ತುಟಿ ಏನೋ ಗುನುಗುತ್ತಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬೋಣಿ ಮಾಡ್ಲಕತ್ತಾಳ ನೋಡು. ನಮ್ಮ ಟಗರಿಂದೇ ಬೋಣಿ.”

ಪಕ್ಕದಲ್ಲೇ ಎಳನೀರಿನ ಗಾಡಿ. ಅತ್ತೆ ಎಲ್ಲರ ತಲೆ ಎಣಿಸಿ ಅಷ್ಟಕ್ಕೂ ಬೆರಳು ತೋರಿಸಿದರು.

“ಅವ್ವಾ, ನೀರಡಿಕಿ ಇಲ್ಲಂದಿದ್ದಿ?” ಯಜಮಾನರು ಕೆಣಕಿದರು.

“ನಿನ್ನಿ ಇರ್ಲಿಲ್ಲ. ಇವತ್ತು ಆಗ್ಯಾದ. ಕುಡಿ ಸುಮ್ನ.”

ಚಿದ್ರಿಗೆ ಬಂದು ಚೀಲ ಬಿಚ್ಚಿದಾಗ ಅತ್ತೆಯ ಗಂಟಿನಲ್ಲಿ ಹತ್ತು ಬಾತಿನ ಒಂದು ನಾಣ್ಯ ಉಳಿದಿತ್ತು. ಸುತ್ತ ಬಿಳಿ, ನಡುವೆ ಹಳದಿ.

“ಇದಕ್ಕ ಅವ್ರೇ ಭಂಡಾರ ಹಚ್ಚಿ ಕೊಟ್ಟಾರಲ್ಲ,” ಅಂದರು.

“ನಾಣ್ಯ ಇಲ್ಲಿ ಯಾರೂ ಬದಲಿ ಮಾಡ್ಕೊಡಂಗಿಲ್ರಿ ಅತ್ತಿ.”

“ಯಾರು ಕೊಡ್ತಾರಂತ ಕೇಳಿ ನೋಡಿದಿ?”

ನಾನು ನಕ್ಕೆ. ಅವರು ನಾಣ್ಯವನ್ನು ಜಗುಲಿಯ ಮೇಲಿಟ್ಟು ಚಿಟಿಕೆ ಭಂಡಾರ ಹಾಕಿದರು.

“ಇರ್ಲಿ ಇಲ್ಲೇ. ಮುಂದಿನ ಸಲ ಹೋದಾಗ ಹಾದಿ ಖರ್ಚಿಗಿ ಆಗ್ತದ. ಮನ್ಯಾಗ ಇನ್ನಾ ಎರಡು ಟಗರು ಬೆಳಿಲಕತ್ಯಾವ.”