ಷರಾ ಬರೆಯುವವನ ಕಿವಿ

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರ ಬಾಯಿಗೆ ಹಲ್ಲು ಕಟ್ಟುವುದು ಅವನ ಕಸುಬು. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ. ಸುತ್ತಮುತ್ತಲಿನ ಅರ್ಧದಷ್ಟು ಹಿರಿಯರು ನಕ್ಕಾಗ ಕಾಣುವುದು ಅವನ ಕೈಕೆಲಸ. ಅದರ ಬಗ್ಗೆ ಅವನಿಗೆ ಎಳ್ಳಷ್ಟೂ ಜಂಭವಿರಲಿಲ್ಲ. ಇದ್ದಬದ್ದ ಜಂಭವೆಲ್ಲ ಕಿವಿಯದ್ದು.

ಮನೆಯಲ್ಲಿ ಒಂದು ಕೋಣೆ ತುಂಬ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳು, ಮೂರು ಸಾವಿರದ ಚಿಲ್ಲರೆ. ಒಂದೊಂದಕ್ಕೂ ಒಂದೊಂದು ಕಾರ್ಡು. ಕ್ಲಿನಿಕ್ಕಿಗೆ ಹಲ್ಲುಗಳು ಬರುವ ಡಬ್ಬಿಯ ರಟ್ಟನ್ನೇ ಕತ್ತರಿಸಿ ಮಾಡಿದ್ದು. ಅದರಲ್ಲಿ ನುಡಿಸಿದವರ ಹೆಸರು, ಮುದ್ರಣವಾದ ವರ್ಷ, ತಾನು ಕೇಳಿದ ತಾರೀಖು, ದರ್ಜೆ, ಕೊನೆಗೆ ಷರಾ. ದರ್ಜೆ ‘ಅ’ದಿಂದ ‘ಈ’ವರೆಗೆ. ‘ಅ’ ಪಡೆದವರು ಪುಣ್ಯವಂತರು. ‘ಈ’ ಪಡೆದವರು ಷರಾ ಓದುವ ಮೊದಲೇ ತೀರಿಹೋಗಿದ್ದರೆ ಅವರೂ ಪುಣ್ಯವಂತರೇ.

ಷರಾಗಳಾದರೂ ಎಂಥವು! ‘ಹದಿಮೂರನೇ ನಿಮಿಷದಲ್ಲಿ ಸಭೆಯಲ್ಲೊಬ್ಬ ಕೆಮ್ಮಿದ, ವಿಮರ್ಶೆ ಸರಿಯಾಗಿದೆ.’ ‘ಗಾಯಕರು ಉಸಿರೆಳೆಯುವುದು ಮಾತ್ರ ಶ್ರುತಿಯಲ್ಲಿದೆ.’ ‘ಕೊಳಲಿನವರಿಗೆ ಊಟದ ಹೊತ್ತಾಗಿತ್ತೆಂದು ಕಾಣುತ್ತದೆ.’ ಓಣಿಯವರು ಅವನ ಹೆಸರನ್ನು ಮರೆತು ಷರಾ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವನು ಬಿರುದು ಕೊಟ್ಟಂತೆ ತಲೆಯಾಡಿಸುತ್ತಿದ್ದ. ಹಳೆಯ ರೆಕಾರ್ಡು ಮಾರುವ ಅಂಗಡಿಯವನಂತೂ ಷರಾ ಕೇಳಿ ಹೇಳುವವರೆಗೆ ಯಾವುದನ್ನೂ ಮುಂದಿನ ಸಾಲಿಗೆ ಇಡುತ್ತಿರಲಿಲ್ಲ. ಹೀಗೆ ಮೆರೆದ ಮನುಷ್ಯನಿಗೆ ಕೊಂಬು ಬಾರದೆ ಇನ್ನೇನು ಬರುತ್ತದೆ?

ಓಣಿಯ ತುದಿಯ ಮಹಡಿಯಲ್ಲಿ ಪಿಟೀಲು ಟೀಚರು ಇದ್ದರು. ಒಂಟಿ ಜೀವ, ಅರವತ್ತು ದಾಟಿದೆ, ಮನೆಯ ತುಂಬ ಪಾಠಕ್ಕೆ ಬರುವ ಮಕ್ಕಳು. ಭಾನುವಾರ ಬೆಳಿಗ್ಗೆ ಷರಾನ ಮನೆಗೆ ಬಂದು ಎರಡು ರೆಕಾರ್ಡು ಕೇಳಿ, ಟೀ ಕುಡಿದು ಹೋಗುತ್ತಿದ್ದರು. ಒಂದು ಭಾನುವಾರ ದಿಂಬಿನ ಚೀಲದಲ್ಲಿ ಏನನ್ನೋ ಸುತ್ತಿ ತಂದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಅವರು ನುಡಿಸಿದ್ದ ರೆಕಾರ್ಡು. ಅವರ ಜೀವಮಾನಕ್ಕೆ ಅದೊಂದೇ.

“ನಿಮ್ಮ ಪಟ್ಟಿಯಲ್ಲಿ ಇದೂ ಒಂದಿರ್ಲಿ ಅಂತ,” ಎಂದು ನಾಚಿಕೊಂಡರು.

ಷರಾ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಆಮೇಲೆ ಅವರ ಮುಂದೆಯೇ ಕಾರ್ಡು ಬರೆದು, ಬರೆದದ್ದನ್ನು ಓದಿಯೂ ಹೇಳಿದ. “ದರ್ಜೆ ಇ. ಮೇಲಿನ ತಂತಿ ಇದೆಯೋ ಇಲ್ಲವೋ ಗೊತ್ತಾಗದು. ಬೆರಳಿಗೆ ಬಟ್ಟೆ ಸುತ್ತಿಕೊಂಡು ನುಡಿಸಿದಂತಿದೆ.”

ಟೀಚರು ಟೀ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದ್ದಕ್ಕೂ ಬರಲಿಲ್ಲ. ಕಲಾವಿದರಿಗೆ ಮೂಗಿನ ತುದಿಯಲ್ಲೇ ಕೋಪ ಎಂದುಕೊಂಡು ಷರಾ ಸುಮ್ಮನಾದ. ಅದೇ ಸುಮಾರಿಗೆ ಅಂಗಡಿಯವನ ಜತೆಗೂ ಜಗಳವಾಡಿದ್ದ. ಸವೆದ ಮಾಲು ತಂದು ನನ್ನ ಕಿವಿಗೆ ಹೂ ಇಡ್ತೀಯಾ ಎಂದು ಗಿರಾಕಿಗಳ ಮುಂದೆ ಕೂಗಾಡಿ ಬಂದಿದ್ದ.

ಇದಾಗಿ ಎಂಟು ತಿಂಗಳಿಗೆ ಷರಾನ ಹೆಂಡತಿ ಕಾರ್ಡುಗಳ ಬೀರು ಒರೆಸಲು ಹೋದಳು. ಪಿಟೀಲಿನ ಖಾನೆ ಬಿಗಿಯಾಗಿತ್ತು. ಜಗ್ಗಿದಳು, ಖಾನೆ ಪೂರ್ತಿ ಕೈಗೆ ಬಂತು, ನಾನೂರು ಕಾರ್ಡು ನೆಲದ ಪಾಲಾದವು. ಗಂಡ ಕೆಲಸಕ್ಕೆ ಹೋಗಿದ್ದ. ನುಡಿಸಿದವರ ಹೆಸರಿನ ಪ್ರಕಾರ ಅವನು ಕಾರ್ಡುಗಳನ್ನು ಇಟ್ಟಿದ್ದ. ಆದರೆ ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿರುವವಳು. ಆ ಕೈಗೆ ಕಾಗದ ಸಿಕ್ಕರೆ ಅದು ತಾರೀಖಿನ ಪ್ರಕಾರವೇ ಸಾಲು ನಿಲ್ಲಬೇಕು. ಜೋಡಿಸುತ್ತ ಹೋದಂತೆ ಅವಳ ಕೈ ನಿಧಾನವಾಯಿತು. ಕೊನೆಯ ನಲವತ್ತಾರು ಕಾರ್ಡುಗಳನ್ನು ಮತ್ತೆ ಮತ್ತೆ ತಿರುವಿ ಹಾಕಿದಳು.

ಸಂಜೆ ಅವನ ಮುಂದೆ ಟೀ ಲೋಟ, ಅದರ ಪಕ್ಕ ಆ ನಲವತ್ತಾರು ಕಾರ್ಡು ಇಟ್ಟಳು.

“ಹೋದ ವರ್ಷ ಮಾರ್ಚಿಂದ ಈಚೆಗೆ ಒಬ್ರಿಗೂ ‘ಅ’ ಇಲ್ಲ. ಎಲ್ಲಾ ‘ಇ’, ‘ಈ’. ಎಲ್ಲದ್ರಲ್ಲೂ ಒಂದೇ ಷರಾ, ಮೇಲಿನ ಸ್ವರ ಸವೆದಿದೆ, ಮೇಲಿನ ಸ್ವರ ಇಲ್ಲ. ಏನ್ರೀ ಇದು?”

“ಈಗಿನ ಮಾಲೇ ಹಾಗೆ.”

“ಈಗಿನದ್ದಾ? ಇದು ನೀವು ಹುಟ್ಟೋಕೆ ಮುಂಚಿನದ್ದು.”

“ಹಾಗಾದ್ರೆ ಸೂಜಿ ಸರಿಯಿಲ್ಲ.”

“ಸೂಜಿ ಮೂರು ಸಲ ಬದಲಾಯ್ಸಿದ್ದೀರಿ. ಸೂಜಿ, ಅಂಗಡಿಯವನು, ಕಂಪನಿಯವರು, ಸತ್ತುಹೋದ ವಿದ್ವಾಂಸರು ಎಲ್ಲಾ ಒಟ್ಟು ಸೇರ್ಕೊಂಡು ಹೋದ ಮಾರ್ಚಿಂದ ನಿಮ್ಮ ಮೇಲೆ ಪಿತೂರಿ ಮಾಡಿದ್ರಾ?”

ಷರಾ ಎದ್ದುಹೋಗಿ, ತಾನೇ ‘ಅ’ ಕೊಟ್ಟಿದ್ದ ಹಳೆಯ ಪಿಟೀಲಿನ ರೆಕಾರ್ಡೊಂದನ್ನು ಹಾಕಿದ, ಇವಳ ಬಾಯಿ ಮುಚ್ಚಿಸಲೆಂದೇ. ಇಬ್ಬರೂ ಕೂತು ಕೇಳಿದರು. ಸ್ವಲ್ಪ ಹೊತ್ತಿಗೆ ಅವನು ಮುಖ ಗಂಟಿಕ್ಕಿದ.

“ಯಾಕೆ ನಿಲ್ಸಿಬಿಟ್ರು ಇಲ್ಲಿ?” ಎಂದ.

ಹೆಂಡತಿ ಅವನ ಮುಖ ನೋಡಿದಳು. “ನಿಲ್ಸಿಲ್ಲ ಕಣ್ರೀ. ಇನ್ನೂ ನುಡಿಸ್ತಾನೇ ಇದ್ದಾರೆ.”

ಅಷ್ಟು ಹೊತ್ತೂ ಗೆಲ್ಲುವ ಉಮೇದಿನಲ್ಲಿದ್ದವಳಿಗೆ ಈಗ ಗೆದ್ದದ್ದು ಬೇಡವೆನಿಸಿತು.

ಕಟ್ಟಿದ ಹಲ್ಲನ್ನು ಉಜ್ಜಿ ನಯ ಮಾಡುವ ಪುಟ್ಟ ಯಂತ್ರವೊಂದು ಕ್ಲಿನಿಕ್ಕಿನಲ್ಲಿದೆ, ಮೂವತ್ತೊಂದು ವರ್ಷ ಅವನ ಮೂಗಿನ ಮುಂದೆಯೇ ಕಿರುಚಿದ್ದು. ಈಚೆಗೆ ಅದು ಸದ್ದಿಲ್ಲದೆ ತಿರುಗುತ್ತಿದೆ ಎಂದು ಷರಾ ಹೊಸ ಎಣ್ಣೆಯನ್ನು ಹೊಗಳುತ್ತಿದ್ದ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಎಣ್ಣೆಯ ಮಹಿಮೆ ಏನೂ ಇಲ್ಲ, ಮೇಲಿನ ಸ್ವರಗಳು ಹೋಗಿವೆ, ಅವು ಮತ್ತೆ ಬರುವುದಿಲ್ಲ ಎಂದರು. ಮನೆಗೆ ಬರುವಷ್ಟರಲ್ಲಿ ಷರಾನ ಬುದ್ಧಿ ಬೇರೆ ದಾರಿ ಹಿಡಿದಿತ್ತು. ನಲವತ್ತಾರು ಕಾರ್ಡು ತಾನೇ, ಹರಿದು ಹಾಕಿದರಾಯಿತು. ಅಂಗಡಿಯವನ ಹತ್ತಿರ ತಪ್ಪು ಸೂಜಿಯದ್ದು ಎಂದು ರಾಜಿ ಮಾಡಿಕೊಂಡರಾಯಿತು. ಯಾರಿಗೆ ಗೊತ್ತಾಗುತ್ತದೆ?

“ಟೀಚರಿಗೆ ಹೋಗಿ ಹೇಳಿ,” ಎಂದಳು ಹೆಂಡತಿ.

“ಹೇಳಿದ್ರೆ ಓಣಿಗೆಲ್ಲ ಗೊತ್ತಾಗುತ್ತೆ. ಆಮೇಲೆ ನನ್ನ ಮಾತಿಗೆ ಏನು ಬೆಲೆ ಉಳಿಯುತ್ತೆ?”

“ನಿಮ್ಮ ಮಾತಿಗೆ ಬೆಲೆ ಕೊಟ್ಟವರ ಗತಿ ಏನಾಗಿದೆ ಗೊತ್ತಾ? ಅವರು ಪಾಠ ನಿಲ್ಸಿ ಎಂಟು ತಿಂಗಳಾಯ್ತು. ಮಕ್ಕಳ ತಾಯಂದಿರು ಕೌಂಟರಿಗೆ ಬಂದಾಗೆಲ್ಲ ಹೇಳ್ತಾರೆ. ಕೈ ನೋವು ಅಂತ ನೆಪವಂತೆ.”

ಮೂರು ದಿನ ಷರಾ ಆ ಮಹಡಿಯ ಕೆಳಗೆ ಹಾದುಹೋಗುವಾಗಲೆಲ್ಲ ನೆಲ ನೋಡಿಕೊಂಡು ನಡೆದ. ನಾಲ್ಕನೆಯ ದಿನ ಮೆಟ್ಟಿಲು ಹತ್ತಿದ. ಧೈರ್ಯದಿಂದಲ್ಲ, ಹಿಂದೆ ಹೆಂಡತಿ ನಿಂತಿದ್ದಳು.

ಟೀಚರ ಮನೆಯಲ್ಲಿ ಮಕ್ಕಳ ಚಾಪೆಗಳು ಸುರುಳಿ ಸುತ್ತಿ ಮೂಲೆ ಸೇರಿದ್ದವು. ಕೂತುಕೊಳ್ಳಿ ಎಂದು ಅವರು ಹೇಳಲಿಲ್ಲ. ಅವನು ಬಾಗಿಲ ಹತ್ತಿರವೇ ನಿಂತು ಹೇಳಿದ.

“ಕೆಟ್ಟಿದ್ದು ನಿಮ್ಮ ರೆಕಾರ್ಡಲ್ಲ. ನನ್ನ ಕಿವಿ. ಮೇಲಿನ ಸ್ವರ ಯಾವುದೂ ನನಗೆ ಕೇಳ್ಸಲ್ಲ. ಹೋದ ವರ್ಷದಿಂದಲೇ ಕೇಳ್ಸಿಲ್ಲ. ಗೊತ್ತಿರ್ಲಿಲ್ಲ.”

ಟೀಚರು ಒಂದು ಹೆಜ್ಜೆ ಮುಂದೆ ಬಂದರು.

“ಎಂಟು ತಿಂಗಳು! ಎಂಟು ತಿಂಗಳಿಂದ ಪಿಟೀಲು ಮುಟ್ಟಿಲ್ಲ ಕಣ್ರೀ ನಾನು. ಇಷ್ಟು ವರ್ಷ ಮಕ್ಕಳಿಗೆ ತಪ್ಪೇ ಹೇಳ್ಕೊಟ್ನಲ್ಲ ಅಂತ ಒಬ್ಬಳೇ ಕೂತು ಅತ್ತಿದ್ದೀನಿ. ಷರಾ ಹೇಳಿದ್ಮೇಲೆ ಮುಗೀತು ಅಂತ ನಂಬಿದ್ದೆ. ನಿಮ್ಮ ಬಾಯಿಗಿಷ್ಟು!”

“ನಾನು ಹೇಳ್ಬಾರದಿತ್ತು,” ಎಂದ ಷರಾ. ಅವನ ಬಾಯಲ್ಲಿ ಅಂಥ ಮಾತು ಹೆಂಡತಿಯೂ ಕೇಳಿರಲಿಲ್ಲ.

ಟೀಚರು ದಡಬಡನೆ ಒಳಗೆ ಹೋಗಿ ಪೆಟ್ಟಿಗೆ ತಂದರು. ತಂತಿಗಳು ಸಡಿಲಬಿದ್ದಿದ್ದವು. ಬಿಗಿ ಮಾಡಿದರು, ಮೀಟಿದರು, ಮತ್ತೆ ಬಿಗಿ ಮಾಡಿದರು. ಕೋಪದಲ್ಲೇ ಕಮಾನು ಎತ್ತಿ ಅವನಿಂದ ಎರಡು ಮಾರು ದೂರ ಕೂತು ನುಡಿಸತೊಡಗಿದರು. ಕೆಳಗಿನ ಸ್ವರಗಳು ದಪ್ಪಗೆ ಬಂದವು. ಬೆರಳುಗಳು ಮೇಲೇರಿದವು, ಸ್ವರ ತೆಳುವಾಯಿತು, ಆಮೇಲೆ ಏನೂ ಬರಲಿಲ್ಲ. ಕಮಾನು ಮಾತ್ರ ಹೋಗಿ ಬರುತ್ತಿತ್ತು. ಬೆರಳು ತಂತಿಯ ತುದಿಯಲ್ಲಿ ಓಡಾಡುತ್ತಿತ್ತು. ಷರಾ ಪಕ್ಕಕ್ಕೆ ತಿರುಗಿ ಹೆಂಡತಿಯನ್ನು ನೋಡಿದ. ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಮಾನು ನಿಂತಿತು. ಟೀಚರ ಹಣೆ ಬೆವೆತಿತ್ತು.

“ಈಗ ಹೇಳಿ. ಹೇಗಿತ್ತು?”

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಗೆ ಅವನು ತಡವರಿಸಿದ್ದೇ ಇಲ್ಲ.

“ನನಗೆ ಗೊತ್ತಾಗಲಿಲ್ಲ,” ಎಂದ. “ಇನ್ನೊಂದು ಸಲ ನುಡಿಸ್ತೀರಾ?”

ಟೀಚರು ಅವನನ್ನೇ ದಿಟ್ಟಿಸಿದರು. ಆಮೇಲೆ ಗಲ್ಲದಿಂದ ಮೂಲೆಯ ಚಾಪೆಯ ಕಡೆ ತೋರಿಸಿದರು.

“ಹಾಸ್ಕೊಂಡು ಕೂತ್ಕೊಳ್ಳಿ,” ಎಂದರು.