ತಾಯಿಪತ್ರ ಕೇಳಿದ ಜಯಮ್ಮ ಮೇಡಂ

ಜಯಮ್ಮ ಮೇಡಂ ಯಾವ ಕರಾರನ್ನೂ ಮೊದಲ ಪುಟದಿಂದ ಓದಿದವರಲ್ಲ. ಕೊನೆಯ ಪುಟ ತೆಗೆದು, ಸಾಲಿನ ಕೆಳಗೆ ಸ್ಟೀಲ್ ಸ್ಕೇಲಿಟ್ಟು, ಅಲ್ಲಿಂದ ಹಿಂದಕ್ಕೆ ಬರುತ್ತಿದ್ದರು. "ಕಾಲು ಹಿಡಿಯೋ ಮಾತೆಲ್ಲ ಮೊದಲಿರ್ತದೆ, ಕುತ್ತಿಗೆ ಹಿಡಿಯೋದು ಕೊನೇಲಿರ್ತದೆ" ಎನ್ನುವುದು ಅವರ ಸಿದ್ಧಾಂತ. ವೈಟ್‌ಫೀಲ್ಡಿನ ನಮ್ಮ ಪುಟ್ಟ ಚಿಪ್ ಕಂಪನಿಗೆ ಅವರೊಬ್ಬರೇ ಇಡೀ ಕಾನೂನು ವಿಭಾಗ. ಊರು ವರ್ತೂರು. ಅವರಪ್ಪ ಸೈಟು ಕೊಂಡು ಕಟ್ಟಿದ ಮನೆ, ಸೈಟಿನ ಮೂಲ ದಾಖಲೆಯಾದ ತಾಯಿಪತ್ರದಲ್ಲಿ ಬೇರೆಯವರ ಹೆಸರಿದ್ದುದರಿಂದ ಕೈತಪ್ಪಿಹೋಗಿತ್ತು.

ನಾವು ಪಂಪ್‌ಸೆಟ್ ನಿಯಂತ್ರಿಸುವ ಪ್ರೊಸೆಸರ್ ಮಾಡುತ್ತಿದ್ದೆವು. ಪ್ರೊಸೆಸರ್ ಪಾಲಿಸುವ ಆಜ್ಞೆಗಳ ಪಟ್ಟಿಗೆ ಇನ್‌ಸ್ಟ್ರಕ್ಷನ್ ಸೆಟ್ ಎನ್ನುತ್ತಾರೆ. ಹೊಸ ಪಟ್ಟಿ ಮಾಡಿದರೆ ಸಾಫ್ಟ್‌ವೇರನ್ನೂ ಹೊಸದಾಗಿ ಬರೆಯಬೇಕು. ಹಾಗಾಗಿ ವಿನ್ಯಾಸದ ಹೊಣೆ ಹೊತ್ತಿದ್ದ ನಾನು ವಿದೇಶಿ ಕಂಪನಿಯೊಂದರ ಹೆಸರಾಂತ ಪಟ್ಟಿಯನ್ನೇ ಆರಿಸಿದ್ದೆ. ವಿನ್ಯಾಸದ ಪ್ರತಿ ಸಾಲೂ ನನ್ನದೇ, ಲೈಸೆನ್ಸ್ ಯಾಕೆ ಎಂದು ಮೇಡಂ ಮುಂದೆ ಎದೆಯುಬ್ಬಿಸಿದೆ.

"ಮನೆ ನೀನೇ ಕಟ್ಟಿದ್ದೀಯ ಕಣಪ್ಪ, ಸೈಟ್ ಯಾರ್ದು? ತಾಯಿಪತ್ರ ತೋರ್ಸು" ಎಂದರು.

ಮೂರು ವಾರ ಆ ಸ್ಕೇಲು ಪೇಟೆಂಟ್ ಕಾಗದಗಳ ಮೇಲೆ ಓಡಾಡಿತು. ಕೊನೆಗೆ ಪೇಟೆಂಟಿನ ಬೇಲಿ ಸಿಕ್ಕಿದ್ದು ನಾಲ್ಕೇ ಆಜ್ಞೆಗಳ ಸುತ್ತ. ಅವನ್ನು ಕಿತ್ತುಹಾಕು ಎಂದರು. ನನಗೆ ಸಿಟ್ಟು ನೆತ್ತಿಗೇರಿತು; ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ಕಿತ್ತೆ; ಅವುಗಳ ಕೆಲಸವನ್ನು ಬೇರೆ ಸಣ್ಣಪುಟ್ಟ ಆಜ್ಞೆಗಳಿಂದ ಮಾಡಿಸಿದೆ.

ಚಿಪ್ ಮಾರುಕಟ್ಟೆಗೆ ಬಂದದ್ದೇ ತಡ, ಪೇಟೆಂಟ್ ಕದ್ದಿದ್ದೀರೆಂದು ಆ ಕಂಪನಿಯ ವಕೀಲರು ಎಂಜಿನಿಯರೊಬ್ಬರನ್ನು ಕರೆದುಕೊಂಡು ಬಂದೇಬಿಟ್ಟರು. ಕೇಸು ಹಾಕಿ ನಾವು ಸೋತರೆ ನಮ್ಮ ಕಂಪನಿಗೆ ಬೀಗ, ಹನ್ನೆರಡು ಜನ ಬೀದಿಗೆ. ಮೇಡಂ ವಾದಿಸಲಿಲ್ಲ. ನಿಮ್ಮ ನಾಲ್ಕು ಆಜ್ಞೆಗಳನ್ನು ನೀವೇ ಕೊಟ್ಟು ನೋಡಿ ಎಂದರು. ಚಿಪ್ ನಾಲ್ಕಕ್ಕೂ ಗೊತ್ತಿಲ್ಲವೆಂದು ನಿಂತುಬಿಟ್ಟಿತು. ಚಿಪ್ ಕೆಲಸ ಮಾಡಲಿಲ್ಲವೆಂದು ನಾವು ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ವಕೀಲರು ಕಾಫಿ ಕುಡಿದು ಹೊರಟವರು ಮತ್ತೆ ಬರಲಿಲ್ಲ.

ಆ ಪೇಟೆಂಟಿನ ಅವಧಿ ಮುಗಿಯುವ ಹೊತ್ತಿಗೆ ಮೇಡಂ ನಿವೃತ್ತರಾಗಿದ್ದರು. ಆದರೂ ದಿನ ನೆನಪಿಟ್ಟುಕೊಂಡು, ಡಬ್ಬಿಯಲ್ಲಿ ಕಾಯಿಹೋಳಿಗೆ ತುಂಬಿಕೊಂಡು ಆಫೀಸಿಗೆ ಬಂದರು. "ಇವತ್ತಿಂದ ಆ ನಾಲ್ಕೂ ಊರ್ನೋರ ಸ್ವತ್ತು. ಹಾಕ್ಕೋ" ಎಂದರು.

ಅಷ್ಟರಲ್ಲಿ ನಮ್ಮ ಚಿಪ್ ಎಷ್ಟೋ ತೋಟಗಳಲ್ಲಿ ನೀರೆತ್ತುತ್ತಿತ್ತು. "ಬೇಡ ಮೇಡಂ. ಇಷ್ಟು ವರ್ಷ ಅವಿಲ್ಲ ಅಂತ ಒಬ್ರೂ ಕೇಳ್ಲಿಲ್ಲ" ಎಂದೆ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ಬಿಟ್ಟುಹೋದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದಲ್ಲ, ನಮ್ಮ ಮೊದಲ ಚಿಪ್ಪನ್ನು ಅದರಲ್ಲಿಟ್ಟಿದ್ದೆ. ಇವತ್ತು ನಾಳೆ ಎನ್ನುತ್ತ ವರ್ತೂರಿಗೆ ಒಯ್ಯುವಷ್ಟರಲ್ಲಿ ಮೇಡಂ ತೀರಿಕೊಂಡಿದ್ದರು. ಡಬ್ಬಿಯನ್ನು ಅವರ ಫೋಟೋದ ಮುಂದೆ ಇಟ್ಟೆ. ದುಃಖವಾಯಿತು, ಆದರೂ ತಲೆಯೆತ್ತಿಕೊಂಡೇ ಬಂದೆ. ಆ ಚಿಪ್ಪಿನ ತಾಯಿಪತ್ರದಲ್ಲಿ ಬೇರೆ ಯಾರ ಹೆಸರೂ ಇರಲಿಲ್ಲ.