ಅತ್ತೆಯ ಮಂಚದ ಮೇಲಿನ ತೊಲೆ

ಟಪಾಲು ಹಂಚುವ ಆ ಹೆಂಗಸನ್ನು ಊರೆಲ್ಲ ಪೋಸ್ಟಮ್ಮ ಅಂತಲೇ ಕರೆಯುತ್ತಿತ್ತು. ಸೈಕಲ್ಲು ಹಳೆಯದು, ಬಾಯಿ ಹರಿತ. ಯಾರಾದರೂ ನಾಯಿ ಕಟ್ಟಿಹಾಕದಿದ್ದರೆ ಬೀದಿಯಲ್ಲೇ ನಿಂತು ಮನೆಯವರ ನೀರಿಳಿಸುತ್ತಿದ್ದಳು. ಅವಳಿಗೆ ಸರಿಜೋಡಿ ಎಂದರೆ ಅತ್ತೆ ಒಬ್ಬಳೇ. ಲಕ್ವ ಹೊಡೆದು ಹಾಸಿಗೆ ಹಿಡಿದರೂ ಮುದುಕಿಯ ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಇಬ್ಬರೂ ಹಾವು ಮುಂಗುಸಿ.

ಮುತ್ತಾತನ ಕಾಲದ ಮನೆ. ಕೆಳಗಿರುವುದು ಒಂದೇ ಕೋಣೆ. ಅತ್ತೆಯ ಮಂಚ ಅಲ್ಲೇ, ಸರಿಸಲು ಬೇರೆ ಜಾಗವಿಲ್ಲ. ಅದರ ನೇರಕ್ಕೆ ಮೇಲೆ ಬಳ್ಳಿ ಕೆತ್ತಿದ ಮರದ ತೊಲೆ. ಗೆದ್ದಲು ಅದರ ಒಳಗನ್ನೆಲ್ಲ ತಿಂದು ತೇಗಿತ್ತು. ಬೆಳಗಾದರೆ ಅತ್ತೆಯ ಕಣ್ಣು ಮೂಗಿಗೆಲ್ಲ ಪುಡಿ. ಕೆಳಗೊಂದು ಕಬ್ಬಿಣದ ಗರ್ಡರ್ ಆಸರೆ ಕೊಡೋಣವೆಂದರೆ ಊರಿನ ಹಳೆ ಮನೆಗಳನ್ನು ಕಾಪಾಡುವ ಸಮಿತಿ ಒಪ್ಪಬೇಕಂತೆ! "ಕಬ್ಬಿಣ ಹಾಕಿದ್ರೆ ಅಂದ ಕೆಡುತ್ತಮ್ಮ. ಅಂಥದೇ ಮರ ಹುಡುಕ್ತಿದ್ದೀವಿ, ಸ್ವಲ್ಪ ತಾಳಿ" ಎಂದು ಅದರ ಅಧ್ಯಕ್ಷರು ವರ್ಷಗಟ್ಟಲೆ ಅದೇ ರಾಗ ಎಳೆದರು. ಅವರ ವಾಸವೋ, ಲಿಫ್ಟ್ ಇರುವ ಹೊಸ ಕಟ್ಟಡದಲ್ಲಿ. ಅಲ್ಲಿಗೆ ಟಪಾಲು ಕೊಡಲು ಹೋದಾಗಲೆಲ್ಲ ಪೋಸ್ಟಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

"ದೊಡ್ಡೋರನ್ನ ಎದುರು ಹಾಕ್ಕೋಬೇಡ ಕಣೇ" ಎಂದ ಗಂಡ.

"ಸುಮ್ನಿರ್ರೀ! ಅಲ್ಲಿ ಮಲಗಿರೋದು ನಿಮ್ಮಮ್ಮ!"

ಒಂದು ಬೆಳಿಗ್ಗೆ ಬಳ್ಳಿಯ ತುಂಡೊಂದು ಕಳಚಿ ಅತ್ತೆಯ ದಿಂಬಿನ ಅಂಚಿಗೆ ಬಿತ್ತು. ಪೋಸ್ಟಮ್ಮ ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ಗರ್ಡರ್ ತರಿಸಿ ಬಾಗಿಲಲ್ಲಿ ಇಳಿಸಿದಳು; ಅವನೂ ಹೊರಗೆ ಕಾದು ನಿಂತ. ಸುದ್ದಿ ಮುಟ್ಟಿ ಅಧ್ಯಕ್ಷರು ಬಿದ್ದೆನೋ ಎದ್ದೆನೋ ಎಂದು ಓಡಿಬಂದರು. ಅವಳು ಅವರಿಗೆ ಮಂಚದ ಪಕ್ಕಕ್ಕೇ ಕುರ್ಚಿ ಹಾಕಿದಳು.

"ಇಂಥ ಕೆತ್ತನೆ ಇಡೀ ಊರಲ್ಲಿಲ್ಲ. ಕೈ ಮುಗೀತೀನಿ, ಇನ್ನು ಸ್ವಲ್ಪ ದಿನ..." ಎನ್ನುತ್ತಿದ್ದಂತೆ ಪುಡಿ ಉದುರಿ ಅವರ ಕನ್ನಡಕದ ಮೇಲೆ ಬಿತ್ತು. ಅಧ್ಯಕ್ಷರು ತಲೆಯೆತ್ತಿ ನೋಡಿದರು. ಎದ್ದು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಯಾಕ್ ಸಾರ್, ಸರಿದ್ರಿ?"

"ಏನಿಲ್ಲಮ್ಮ, ಧೂಳು."

ಪೋಸ್ಟಮ್ಮನಿಗೆ ಕಿರುಚಬೇಕೆನಿಸಿತು. ಆದರೂ ದನಿ ಸಣ್ಣಗೆ ಹೊರಟಿತು. "ನಮ್ಮತ್ತೆಗೆ ಹಂಗೆ ಸರಿಯೋಕಾಗಲ್ಲ ಸಾರ್."

ಮಂಚದಿಂದ ಮುದುಕಿಯ ದನಿ ಬಂತು, ಮದುವೆಯಾದಾಗಿನಿಂದ ಮೊದಲ ಸಲ ಸೊಸೆಯ ಪರವಾಗಿ:

"ಏ, ಆ ಕಬ್ಬಿಣದವನನ್ನ ಒಳಗೆ ಕರಿಯೇ. ಇವರು ಅಲ್ಲೇ ಕೂತು ಕೆತ್ತನೆ ನೋಡ್ಕೊಳ್ಳಲಿ."